ಬಿಪಿ ಸರಿಯಿದೆ, ಮೊಣಕಾಲು ಸರಿಯಿಲ್ಲ

ರೋಗಿಯ ಬೆರಳ ತುದಿಗೆ ಸೂಜಿ ಚುಚ್ಚಿದೆ. ರಕ್ತ ಬರಲಿಲ್ಲ.

ರಾತ್ರಿ ಮೂರು ಗಂಟೆಯ ಹೊತ್ತು. ಸಕ್ಕರೆ ನೋಡಲು ಒಂದೇ ಒಂದು ಹನಿ ಸಾಕು. ಬೆರಳನ್ನು ಬುಡದಿಂದ ತುದಿಗೆ ಮೆಲ್ಲಗೆ ನೀವಿದೆ. ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಮೂಡಿತು, ಅಲ್ಲೇ ನಿಂತಿತು. ತಲೆ ಎತ್ತಿ ಮಾನಿಟರ್ ನೋಡಿದೆ. ಸರಾಸರಿ ಬಿಪಿ, ಅಂದರೆ ಮೇಲಿನ ಕೆಳಗಿನ ಅಂಕಿಗಳ ನಡುವಿನ ಒತ್ತಡ, 68. ನಮಗೆ ಬೇಕಾಗಿದ್ದು ಕನಿಷ್ಠ 65. ರಕ್ತದ ಆಕ್ಸಿಜನ್ ಮಟ್ಟ ತೋರಿಸುವ ಸ್ಯಾಚುರೇಷನ್ 97. ಅದನ್ನು ಅಳೆಯುವ ಪ್ರೋಬ್ ಕೂಡ ಬೆರಳಲ್ಲಿ ಸಿಗ್ನಲ್ ಹಿಡಿಯದೆ ಸಂಜೆಯೇ ಕಿವಿಗೆ ಹೋಗಿತ್ತು. ಪರದೆಯ ಪ್ರಕಾರ ಎಲ್ಲ ಸರಿ. ನನ್ನ ಕೈಯಲ್ಲಿದ್ದ ಬೆರಳು ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ಹೊದಿಕೆ ಸರಿಸಿದೆ. ಎರಡೂ ಮೊಣಕಾಲ ಚಿಪ್ಪಿನ ಮೇಲೆ ನೇರಳೆ ಬಣ್ಣದ ಬಲೆ ಹರಡಿತ್ತು. ಸಂಜೆ ಅದು ಒಂದು ನಾಣ್ಯದಷ್ಟಿತ್ತು. ಈಗ ಚಿಪ್ಪು ದಾಟಿ ತೊಡೆಯ ಕಡೆಗೆ ಏರುತ್ತಿತ್ತು.

ನಾನು ಐಸಿಯು ನರ್ಸ್. ಹದಿನಾಲ್ಕು ವರ್ಷವಾಯಿತು. ಸೆಪ್ಟಿಕ್ ಶಾಕ್ ಅಂದರೇನು ಅಂತ ಮನೆಯವರು ಕೇಳಿದಾಗ ಮೊದಲೆಲ್ಲ ಒಂದೇ ಸಾಲಿನಲ್ಲಿ ಹೇಳಿಬಿಡುತ್ತಿದ್ದೆ: ನಂಜು ಮೈಗೆಲ್ಲ ಏರಿದೆ, ಬಿಪಿ ಬಿದ್ದಿದೆ, ಔಷಧಿ ಕೊಟ್ಟು ಏರಿಸುತ್ತಿದ್ದೇವೆ. ಅದು ತಪ್ಪಲ್ಲ. ಆದರೆ ಅರ್ಧ ಮಾತು. ಉಳಿದರ್ಧವನ್ನು ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಆ ರಾತ್ರಿಯ ರೋಗಿ, ಆ ತಾಯಿಯನ್ನೇ ನೆನೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆ ತಾಯಿಗೆ ಮೂತ್ರನಾಳದಲ್ಲಿ ಕಲ್ಲು ಅಡ್ಡ ನಿಂತಿತ್ತು. ಅದರ ಹಿಂದೆ ಕಿಡ್ನಿಯಲ್ಲಿ ಕೀವು ಕಟ್ಟಿಕೊಂಡಿತ್ತು. ಬಂದ ಮೊದಲ ಗಂಟೆಯಲ್ಲೇ ಆಂಟಿಬಯಾಟಿಕ್ ಹೋಯಿತು. ಸಂಜೆಯೊಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿ ಕೀವಿಗೆ ದಾರಿ ಮಾಡಿಕೊಟ್ಟರು. ಸಲೈನ್ ಸಾಕಷ್ಟು ಹೋಗಿತ್ತು. ಆದರೂ ಬಿಪಿ ನಿಲ್ಲಲಿಲ್ಲ. ನಾಳಗಳನ್ನು ಬಿಗಿ ಮಾಡಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಪಂಪ್ ಹಚ್ಚಿದೆವು. ಕೋಶಗಳಿಗೆ ಆಕ್ಸಿಜನ್ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ 5.1 ಇತ್ತು. 2016ರಿಂದ ಎಲ್ಲ ಕಡೆ ಬಳಕೆಯಲ್ಲಿರುವ ವ್ಯಾಖ್ಯೆ ಇದೇ: ಸಾಕಷ್ಟು ದ್ರವ ಕೊಟ್ಟ ಮೇಲೂ ಸರಾಸರಿ ಬಿಪಿ 65 ಉಳಿಸಿಕೊಳ್ಳಲು ಔಷಧಿ ಬೇಕು, ಲ್ಯಾಕ್ಟೇಟ್ 2 ಮಿಲಿಮೋಲ್‌ಗಿಂತ ಜಾಸ್ತಿ ಇದೆ, ಆಗ ಅದು ಸೆಪ್ಟಿಕ್ ಶಾಕ್. ಆ ಮಟ್ಟ ಮುಟ್ಟಿದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ ಅಂತ ಆ ವ್ಯಾಖ್ಯೆ ಮಾಡಿದವರೇ ಲೆಕ್ಕ ಕೊಟ್ಟಿದ್ದರು.

ಈಗ ಆ 68ರ ವಿಷಯಕ್ಕೆ ಬರುತ್ತೇನೆ. ಆ ಅಂಕಿ ಎಲ್ಲಿಂದ ಬಂತು? ಮಣಿಕಟ್ಟಿನ ಅಪಧಮನಿಯಲ್ಲಿ ಕೂರಿಸಿದ ಸಣ್ಣ ಕೊಳವೆಯಿಂದ. ಆ ನಾಳ ಎರಡು ಮೂರು ಮಿಲಿಮೀಟರ್ ಅಗಲ. ರಕ್ತಕ್ಕೆ ಅದು ದೊಡ್ಡ ರಸ್ತೆ. ಅಲ್ಲಿ ಸುತ್ತಲಿನ ಮಾಂಸಕ್ಕೆ ಆಕ್ಸಿಜನ್ ಇಳಿಯುವುದಿಲ್ಲ. ಇಳಿಯುವುದು ಲೋಮನಾಳದಲ್ಲಿ. ಅದರ ಅಗಲ 5ರಿಂದ 10 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿ ಅದರಲ್ಲಿ ಐದು ಹತ್ತು ಭಾಗ. ಕೆಂಪು ರಕ್ತಕಣದ ಅಗಲವೇ 7–8 ಮೈಕ್ರಾನ್. ಹಾಗಾಗಿ ಎಷ್ಟೋ ಕಡೆ ಕಣ ಮೈ ಮುದುಡಿಕೊಂಡು, ಒಂದರ ಹಿಂದೆ ಒಂದು ಸಾಲಾಗಿ ನುಸುಳಬೇಕು. ನುಸುಳುವಾಗ ನಾಳದ ಗೋಡೆಗೆ ಮೈ ತಾಗಿಸಿಕೊಂಡೇ ಹೋಗುತ್ತದೆ. ಆಕ್ಸಿಜನ್ ಕೈ ಬದಲಾಗುವುದು ಆ ಕ್ಷಣದಲ್ಲಿ.

ಈ ಜಾಗ ಮನುಷ್ಯನ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು. ರಕ್ತ ಸುತ್ತು ಹೊಡೆಯುತ್ತದೆ ಅಂತ ವಿಲಿಯಂ ಹಾರ್ವೆ 1628ರಲ್ಲಿ ಬರೆದ. ಆದರೆ ಅಪಧಮನಿಯಿಂದ ಅಭಿಧಮನಿಗೆ ಅದು ಹೇಗೆ ದಾಟುತ್ತದೆ ಅನ್ನುವುದನ್ನು ಅವನು ಕಣ್ಣಾರೆ ನೋಡಲಿಲ್ಲ. 1661ರಲ್ಲಿ ಮಾರ್ಚೆಲ್ಲೊ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಸೇತುವೆ ಕಂಡಿತು. ಆಮೇಲೆ ಡೆನ್ಮಾರ್ಕಿನ ಆಗಸ್ಟ್ ಕ್ರೋ. ಸ್ನಾಯು ಸುಮ್ಮನಿದ್ದಾಗ ಅದರ ಲೋಮನಾಳಗಳಲ್ಲಿ ಎಷ್ಟೋ ಮುಚ್ಚಿರುತ್ತವೆ, ಕೆಲಸ ಶುರುವಾದಾಗ ತೆರೆಯುತ್ತವೆ ಅಂತ ತೋರಿಸಿದ. ಅದಕ್ಕೆ 1920ರ ನೊಬೆಲ್ ಬಂತು. ಕ್ರೋ ಕೊಟ್ಟ ಚಿತ್ರ ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಪ್ರತಿ ಲೋಮನಾಳದ ಸುತ್ತ ಒಂದು ಸಿಲಿಂಡರಿನಷ್ಟು ಮಾಂಸ. ಆ ಸಿಲಿಂಡರಿನ ಕೋಶಗಳಿಗೆಲ್ಲ ನಡುವಿನ ಆ ಒಂದು ನಾಳವೇ ಗತಿ. ಆಕ್ಸಿಜನ್ ರಕ್ತದಿಂದ ಹೊರಬಿದ್ದ ಮೇಲೆ ತನ್ನಷ್ಟಕ್ಕೆ ಹರಡಿಕೊಂಡು ಹೋಗಬೇಕು. ಒಂದು ಕೂದಲೆಳೆಯ ಅಗಲದಷ್ಟು ದೂರ ಹೋಗುವುದೇ ಹೆಚ್ಚು. ಅದರಾಚೆ ಇರುವ ಕೋಶ ಹಸಿದುಕೊಂಡೇ ಇರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ ಹೊರುತ್ತದೆ. ಹಿಮೋಗ್ಲೋಬಿನ್ 15 ಇರುವವರ 100 ಮಿಲಿ ರಕ್ತದಲ್ಲಿ ಹತ್ತಿರ ಹತ್ತಿರ 20 ಮಿಲಿ ಆಕ್ಸಿಜನ್. ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ತಳ್ಳಿದರೆ ನಿಮಿಷಕ್ಕೆ 1000 ಮಿಲಿ ಆಕ್ಸಿಜನ್ ಮೈಗೆಲ್ಲ ಹೊರಡುತ್ತದೆ. ಸುಮ್ಮನೆ ಮಲಗಿದ ಮೈಗೆ ಬೇಕಾಗುವುದು ಸುಮಾರು 250. ಉಳಿದ ಮುಕ್ಕಾಲು ಪಾಲು ಬಳಕೆಯಾಗದೆ ವಾಪಸ್ ಬರುತ್ತದೆ. ಅಂದರೆ ನಮ್ಮಲ್ಲಿ ದೊಡ್ಡ ದಾಸ್ತಾನು ಇದೆ. ಹರಿವು ಕಡಿಮೆಯಾದರೆ ಕೋಶಗಳು ಬಂದ ರಕ್ತದಿಂದಲೇ ಜಾಸ್ತಿ ಎಳೆದುಕೊಂಡು ಹೇಗೋ ನಿಭಾಯಿಸುತ್ತವೆ. ರಕ್ತ ಸೋರಿಹೋದ ಗಾಯಾಳುವಿನಲ್ಲಿ ಹೀಗೇ ಆಗುತ್ತದೆ.

ಸೆಪ್ಸಿಸ್, ಅಂದರೆ ಮೈಗೆಲ್ಲ ಏರಿದ ಆ ನಂಜು, ಕೆಡಿಸುವುದು ಈ ಎಳೆದುಕೊಳ್ಳುವ ಶಕ್ತಿಯನ್ನೇ. ಹೃದಯ ಜೋರಾಗಿ ಬಡಿಯುತ್ತಿರುತ್ತದೆ. ಆಕ್ಸಿಜನ್ ಬೇಕಾದಷ್ಟು ಹೊರಟಿರುತ್ತದೆ. ಆದರೆ ಹೋಗಬೇಕಾದವರ ಕೈಗೆ ಸೇರುವುದಿಲ್ಲ.

ಯಾಕೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಇಡೀ ಕಥೆ ಇಲ್ಲೇ ಇದೆ.

ರಕ್ತನಾಳದ ಒಳಗೋಡೆಗೆ ಒಂದೇ ಒಂದು ಪದರ ಕೋಶಗಳ ಹಾಸು. ಅದು ಎಂಡೋಥೀಲಿಯಂ. ಆ ಹಾಸಿನ ಮೇಲೆ ರಕ್ತದ ಕಡೆಗೆ ಮುಖ ಮಾಡಿ ಒಂದು ಲೋಳೆಯಂಥ, ನವಿರಾದ ಹೊದಿಕೆ ಇದೆ. ಸಕ್ಕರೆ ಮತ್ತು ಪ್ರೋಟೀನಿನ ಎಳೆಗಳಿಂದ ಆದದ್ದು. ಹೆಸರು ಗ್ಲೈಕೋಕೇಲಿಕ್ಸ್. ಕೆರೆಯ ತಳದ ಕಲ್ಲಿನ ಮೇಲೆ ಪಾಚಿ ಬೆಳೆದು ನೀರಿನಲ್ಲಿ ಓಲಾಡುತ್ತದಲ್ಲ, ಹಾಗೆ. ನಾಳದೊಳಗಿನ ನೀರು ಹೊರಗೆ ಸೋರದ ಹಾಗೆ ಹಿಡಿಯುವುದು ಇದೇ. ಬಿಳಿ ರಕ್ತಕಣ ಗೋಡೆಗೆ ಅಂಟದ ಹಾಗೆ ದೂರ ಇಡುವುದೂ ಇದೇ. ರಕ್ತ ಎಷ್ಟು ವೇಗವಾಗಿ ಉಜ್ಜಿಕೊಂಡು ಹೋಗುತ್ತಿದೆ ಅಂತ ಕೆಳಗಿನ ಕೋಶಕ್ಕೆ ತಿಳಿಸುವುದೂ ಇದೇ. ಸೆಪ್ಸಿಸ್‌ನಲ್ಲಿ ಮೊದಲೇ ಕಿತ್ತುಹೋಗುವ ವಸ್ತುಗಳಲ್ಲಿ ಇದೂ ಒಂದು. ಅದರ ತುಣುಕುಗಳು ರೋಗಿಯ ರಕ್ತದಲ್ಲಿ ತೇಲುತ್ತಿರುವುದನ್ನು ಅಳೆಯಬಹುದು. ಸಿಂಡಿಕ್ಯಾನ್-1 ಅನ್ನುವುದು ಅಂಥ ಒಂದು ತುಣುಕು.

ಹೊದಿಕೆ ಹೋದ ಮೇಲೆ ಗೋಡೆ ಬರಿ ಮೈ. ನೀರು ಸೋರುತ್ತದೆ. ಮುಖ, ಕೈಕಾಲು ಊದಿಕೊಳ್ಳುತ್ತವೆ. ನಮ್ಮ ರೋಗಿಗಳ ಉಂಗುರ ತೆಗೆದು ಮನೆಯವರ ಕೈಗೆ ಕೊಡಲು ನಾವು ಮೊದಲ ದಿನವೇ ಅವಸರ ಮಾಡುವುದು ಇದಕ್ಕೇ. ಊತ ಕಣ್ಣಿಗೆ ಕಾಣುವ ತೊಂದರೆ ಮಾತ್ರ ಅಲ್ಲ. ನಾಳಕ್ಕೂ ಕೋಶಕ್ಕೂ ನಡುವೆ ನೀರು ತುಂಬಿದರೆ ಆಕ್ಸಿಜನ್ ನಡೆಯಬೇಕಾದ ದೂರ ಜಾಸ್ತಿಯಾಗುತ್ತದೆ. ಕೂದಲೆಳೆಯ ಲೆಕ್ಕ ನೆನಪಿದೆಯಲ್ವಾ? ಸಲೈನ್ ಮೇಲೆ ಸಲೈನ್ ಏರಿಸುವುದು ಎಲ್ಲಕ್ಕೂ ಪರಿಹಾರ ಅಲ್ಲ ಅಂತ ನಾನು ಹೇಳುವುದು ಈ ಕಾರಣಕ್ಕೆ. ಶುರುವಿನಲ್ಲಿ ಬೇಕೇ ಬೇಕು. ಆಮೇಲೆ ಪ್ರತಿ ಬಾಟಲಿಗೂ ಒಂದು ಕಾರಣ ಬೇಕು.

ಬರಿ ಗೋಡೆಗೆ ಬಿಳಿ ಕಣಗಳು ಅಂಟಿಕೊಳ್ಳುತ್ತವೆ. ಸೋಂಕಿನ ಜೊತೆ ಹೋರಾಡಲು ಬಂದವು ಅವು, ಆದರೆ ಆ ಇಕ್ಕಟ್ಟಿನ ದಾರಿಯಲ್ಲಿ ಅಡ್ಡ ನಿಲ್ಲುತ್ತವೆ. ಕೆಂಪು ಕಣಗಳು ಗಡುಸಾಗುತ್ತವೆ, ಮೊದಲಿನ ಹಾಗೆ ಮೈ ಮುದುಡಲಾರವು. ರಕ್ತ ಹೆಪ್ಪುಗಟ್ಟಿಸುವ ವ್ಯವಸ್ಥೆ ಬೇಡದ ಜಾಗದಲ್ಲಿ ಎಚ್ಚರವಾಗಿ, ಸಣ್ಣ ಸಣ್ಣ ಹೆಪ್ಪು ನಾಳಗಳನ್ನು ಮುಚ್ಚುತ್ತವೆ. ಇನ್ನೊಂದು ಕಡೆ ನೈಟ್ರಿಕ್ ಆಕ್ಸೈಡ್ ವಿಪರೀತ ತಯಾರಾಗಿ ನಾಳಗಳು ಸಡಿಲ ಬೀಳುತ್ತವೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಒಂದು ಕಡೆ ಸಡಿಲ, ಪಕ್ಕದಲ್ಲೇ ಬಿಗಿ.

ಹೀಗಾಗಿ ಒಂದು ನಾಳದಲ್ಲಿ ರಕ್ತ ನಿಂತುಬಿಟ್ಟಿರುತ್ತದೆ. ಅದರ ಪಕ್ಕದ್ದರಲ್ಲಿ ಧೋ ಅಂತ ಓಡುತ್ತಿರುತ್ತದೆ, ಆಕ್ಸಿಜನ್ ಇಳಿಸಲು ಪುರುಸೊತ್ತಿಲ್ಲದಷ್ಟು ಜೋರಾಗಿ. ಎರಡರ ಸರಾಸರಿ ತೆಗೆದರೆ ಸರಿಯಾಗೇ ಕಾಣುತ್ತದೆ. ನಿಂತ ನಾಳದ ಸುತ್ತಲಿನ ಕೋಶಕ್ಕೆ ಆ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಇನ್ನೂ ವಿಚಿತ್ರ ಏನೆಂದರೆ, ಹೃದಯಕ್ಕೆ ವಾಪಸ್ ಬರುವ ರಕ್ತದಲ್ಲಿ ಆಕ್ಸಿಜನ್ ತುಂಬಾ ಉಳಿದಿರುತ್ತದೆ. ಕುತ್ತಿಗೆಯ ಸೆಂಟ್ರಲ್ ಲೈನಿನಿಂದ ರಕ್ತ ತೆಗೆದು ನೋಡಿದರೆ ಸ್ಯಾಚುರೇಷನ್ 70ರ ಮೇಲೆ, ಕೆಲವೊಮ್ಮೆ 80ರ ಮೇಲೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ನೋಡಿ ಖುಷಿಪಡುತ್ತಾರೆ. ನಾನೂ ಪಡುತ್ತಿದ್ದೆ. ಅದು ಉಳಿದಿರುವುದು ಮೈಗೆ ಸಾಕಾಗಿ ಅಲ್ಲ, ಮೈಗೆ ಸಿಗದೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದು ಒಂದು ಸಲ, ನಂಬಿದ್ದು ಇನ್ನೊಂದು ಸಲ. ನಂಬಿದ್ದು ಒಂದು ತರಬೇತಿಯಲ್ಲಿ ವಿಡಿಯೊ ನೋಡಿದಾಗ. ನಾಲಿಗೆಯ ಅಡಿಯಲ್ಲಿ ಪೆನ್ನಿನಂಥ ಸಣ್ಣ ಕ್ಯಾಮೆರಾ ಇಡುತ್ತಾರೆ. ಹಸಿರು ಬೆಳಕು ಬಿಡುತ್ತಾರೆ. ಹಿಮೋಗ್ಲೋಬಿನ್ ಆ ಬೆಳಕನ್ನು ನುಂಗುವುದರಿಂದ ಕೆಂಪು ಕಣಗಳು ಕಪ್ಪಗೆ ಕಾಣುತ್ತವೆ. ಆರೋಗ್ಯವಾಗಿರುವವರ ವಿಡಿಯೊದಲ್ಲಿ ನೂರಾರು ಕಪ್ಪು ಎಳೆಗಳು, ಎಲ್ಲವೂ ಎಡೆಬಿಡದೆ ಹರಿಯುತ್ತಿರುತ್ತವೆ. ಆಮೇಲೆ ಸೆಪ್ಟಿಕ್ ಶಾಕ್ ರೋಗಿಯದು ಹಾಕಿದರು. ದಪ್ಪ ನಾಳದಲ್ಲಿ ರಕ್ತ ಸರಾಗವಾಗಿ ಓಡುತ್ತಿತ್ತು. ಅದರ ಪಕ್ಕದ ಸಣ್ಣ ಎಳೆಯಲ್ಲಿ ಕಣಗಳ ಸಾಲು ನಿಂತಿತ್ತು. ಒಂದು ಸಲ ಸ್ವಲ್ಪ ಮುಂದೆ ಜರುಗಿತು, ಮತ್ತೆ ನಿಂತಿತು. ಇನ್ನೊಂದು ಎಳೆ ಇತ್ತು ಅನ್ನುವುದಕ್ಕೆ ಮಾಸಿದ ಗುರುತಷ್ಟೇ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾನು ಆ ನಿಂತ ಸಾಲನ್ನೇ ನೋಡುತ್ತಿದ್ದೆ. ಇದಕ್ಕೂ ನಾನು ಬಿಪಿ ಚಾರ್ಟ್‌ನಲ್ಲಿ ಬರೆಯುವ ಅಂಕಿಗೂ ಏನು ಸಂಬಂಧ ಅಂತ ತಲೆ ತುಂಬ ಅದೇ.

2002ರಲ್ಲಿ ಬೆಲ್ಜಿಯಂನ ಡ್ಯಾನಿಯಲ್ ಡಿ ಬ್ಯಾಕರ್ ಮತ್ತು ಸಂಗಡಿಗರು ಈ ಕ್ಯಾಮೆರಾದಿಂದ ಎಣಿಸಿ ನೋಡಿದ್ದರು. ಆರೋಗ್ಯವಂತರಲ್ಲಿ ಸಣ್ಣ ನಾಳಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ರಕ್ತ ಹರಿಯುತ್ತಿತ್ತು. ತೀವ್ರ ಸೆಪ್ಸಿಸ್ ಇದ್ದವರಲ್ಲಿ ಸುಮಾರು 48ರಲ್ಲಿ. ಹತ್ತಿರ ಹತ್ತಿರ ಅರ್ಧ ಬಂದ್. ಅದಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು ವಿಷಯ. ನಾಲಿಗೆಯ ಅಡಿ ಅದೇ ಜಾಗಕ್ಕೆ ನಾಳ ಹಿಗ್ಗಿಸುವ ಅಸಿಟೈಲ್‌ಕೋಲಿನ್ ಹಚ್ಚಿದಾಗ ಆ ನಾಳಗಳು ಮತ್ತೆ ತೆರೆದುಕೊಂಡವು. ಅಂದರೆ ಅವು ಸತ್ತಿರಲಿಲ್ಲ. ಆ ಗುಂಪಿನವರೇ 2004ರಲ್ಲಿ ದಿನದಿನವೂ ನೋಡುತ್ತಾ ಹೋದರು. ಬದುಕಿದವರಲ್ಲಿ ಸಣ್ಣ ನಾಳಗಳು ಬೇಗ ಚೇತರಿಸಿಕೊಂಡವು. ತೀರಿಕೊಂಡವರಲ್ಲಿ ಚೇತರಿಸಲಿಲ್ಲ, ಶಾಕ್ ಕಳೆದು ಆಮೇಲೆ ಅಂಗಾಂಗ ಸೋತು ಹೋದವರಲ್ಲಿ ಕೂಡ. ಎರಡೂ ಗುಂಪಿನ ಬಿಪಿ ನೋಡಿ ಈ ವ್ಯತ್ಯಾಸ ಹೇಳಲು ಆಗುತ್ತಿರಲಿಲ್ಲ.

ಇಲ್ಲಿ ನನ್ನದೊಂದು ಹಳೆಯ ನೋವು ಹೇಳಬೇಕು. ಕೆಲಸಕ್ಕೆ ಸೇರಿ ಎರಡನೇ ವರ್ಷ. ನ್ಯುಮೋನಿಯಾದಿಂದ ಶಾಕ್‌ಗೆ ಹೋದ ಒಬ್ಬ ಯುವಕ. ರಾತ್ರಿಯಿಡೀ ನಾರ್‌ಅಡ್ರಿನಲಿನ್ ಹೆಚ್ಚಿಸುತ್ತಾ ಹೋಗಿ ಸರಾಸರಿ ಬಿಪಿಯನ್ನು 75ಕ್ಕೆ ತಂದು ನಿಲ್ಲಿಸಿದ್ದೆವು. ಹೊರಗೆ ಕುಳಿತಿದ್ದ ಅವನ ಹೆಂಡತಿಗೆ ನಾನೇ ಹೋಗಿ ಹೇಳಿದೆ, "ಬಿಪಿ ಚೆನ್ನಾಗಿದೆ, ಗಾಬರಿ ಆಗ್ಬೇಡಿ." ಆಕೆ ನನ್ನ ಕೈ ಹಿಡಿದುಕೊಂಡರು. ಅವನ ಕಾಲು ಮೊಣಕಾಲಿನವರೆಗೂ ತಣ್ಣಗಿತ್ತು. ಮೈ ಒರೆಸುವಾಗ ಮುಟ್ಟಿದ್ದೆ, ಗೊತ್ತಿತ್ತು. ಅದಕ್ಕೆ ಅರ್ಥ ಇದೆ ಅಂತ ಗೊತ್ತಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ಅವನು ಹೋದ. ಬೇರೆ ಏನು ಮಾಡಿದ್ದರೂ ಉಳಿಯುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು. ಆದರೆ ನಾನು ಹೇಳಿದ ಮಾತು ನಿಜ ಆಗಿರಲಿಲ್ಲ. ಅವತ್ತಿನಿಂದ ಯಾರಿಗೂ ಬಿಪಿಯೊಂದನ್ನೇ ಹೇಳಿ ಸಮಾಧಾನ ಮಾಡುವುದನ್ನು ಬಿಟ್ಟೆ.

ಬಿಪಿ ಬೇಡ ಅಂತ ನಾನು ಹೇಳುತ್ತಿಲ್ಲ. ಒತ್ತಡವೇ ಇಲ್ಲದಿದ್ದರೆ ಮಿದುಳು, ಹೃದಯ, ಕಿಡ್ನಿ ಯಾವುದಕ್ಕೂ ರಕ್ತ ಮುಟ್ಟುವುದಿಲ್ಲ. 65 ಒಂದು ಅಡಿಪಾಯ. ಆದರೆ ಅಡಿಪಾಯದ ಮೇಲೆ ಇನ್ನಷ್ಟು ಅಡಿಪಾಯ ಹಾಕಿದರೆ ಮನೆ ಆಗುವುದಿಲ್ಲ. 2009ರಲ್ಲಿ ಅರ್ಜೆಂಟೀನಾದ ವೈದ್ಯರು ಸೆಪ್ಟಿಕ್ ಶಾಕ್ ರೋಗಿಗಳ ಸರಾಸರಿ ಬಿಪಿಯನ್ನು ನಾರ್‌ಅಡ್ರಿನಲಿನ್‌ನಿಂದ 65ರಿಂದ 75ಕ್ಕೆ, ಆಮೇಲೆ 85ಕ್ಕೆ ಏರಿಸಿ ನಾಲಿಗೆಯಡಿ ನೋಡಿದರು. ಒಟ್ಟಾರೆ ಹರಿವು ಸುಧಾರಿಸಲಿಲ್ಲ. ಅದಕ್ಕೂ ಮೊದಲಿನ ಪಾಠ ಇನ್ನೂ ಕಠಿಣ. ನೈಟ್ರಿಕ್ ಆಕ್ಸೈಡ್‌ನಿಂದ ತಾನೇ ನಾಳ ಸಡಿಲವಾಗುವುದು, ಅದರ ತಯಾರಿಯನ್ನೇ ನಿಲ್ಲಿಸೋಣ ಅಂತ ಒಂದು ಔಷಧಿ ಬಂದಿತ್ತು. ಬಿಪಿ ಚೆನ್ನಾಗಿಯೇ ಏರಿತು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು: 797 ರೋಗಿಗಳಲ್ಲಿ ಔಷಧಿ ಪಡೆದವರಲ್ಲಿ ನೂರಕ್ಕೆ 59 ಜನ 28 ದಿನದೊಳಗೆ ತೀರಿಕೊಂಡಿದ್ದರು. ಪಡೆಯದವರಲ್ಲಿ 49. ಪ್ರಯೋಗವನ್ನು ನಡುವೆಯೇ ನಿಲ್ಲಿಸಿದ್ದರು. ಒತ್ತಡ ಏರಿತು, ಜೀವ ಹೋಯಿತು. ಈ ಎರಡು ಅಂಕಿ ನನಗೆ ಯಾವತ್ತೂ ಮರೆಯುವುದಿಲ್ಲ.

ಸರಿ, ನಾಲಿಗೆಯಡಿಯ ಕ್ಯಾಮೆರಾ ನಮ್ಮ ಹಾಸಿಗೆ ಪಕ್ಕದಲ್ಲಿ ಇಲ್ಲ. ಹೆಚ್ಚಿನ ಕಡೆ ಇರುವುದೂ ಇಲ್ಲ, ಅದು ಇನ್ನೂ ಸಂಶೋಧನೆಯ ಸಾಮಾನು. ನನ್ನ ಜೇಬಿನಲ್ಲಿ ಇರುವುದು ಒಂದು ಗಾಜಿನ ಸ್ಲೈಡ್. ಲ್ಯಾಬ್‌ನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರಲ್ಲ, ಅದೇ. ರೋಗಿಯ ಬಲಗೈ ತೋರುಬೆರಳು ಹಿಡಿಯುತ್ತೇನೆ. ತುದಿಯ ಒಳಮಗ್ಗುಲಿಗೆ ಸ್ಲೈಡ್ ಒತ್ತುತ್ತೇನೆ. ಗಾಜಿನ ಮೂಲಕ ಚರ್ಮ ಬಿಳಿಚಿಕೊಳ್ಳುವುದು ಕಾಣುತ್ತದೆ. ಹಾಗೇ ಹತ್ತು ಸೆಕೆಂಡ್ ಹಿಡಿಯಬೇಕು. ಬಿಟ್ಟ ತಕ್ಷಣ ಗಡಿಯಾರ ನೋಡುತ್ತಾ ಎಣಿಸಬೇಕು. ಬಿಳಿ ಹೋಗಿ ಮೊದಲಿನ ಬಣ್ಣ ಪೂರ್ತಿ ಬರಬೇಕು. ಮೂರು ಸೆಕೆಂಡಿನೊಳಗೆ ಬಂದರೆ ಸರಿ. ಅದಕ್ಕಿಂತ ಜಾಸ್ತಿ ಹಿಡಿದರೆ ಅಲ್ಲಿ ಹರಿವು ಸಾಲುತ್ತಿಲ್ಲ. ಇದನ್ನು ಕ್ಯಾಪಿಲರಿ ರೀಫಿಲ್ ಅನ್ನುತ್ತೇವೆ.

ಸುಮ್ನೆ ಉಗುರು ಒತ್ತಿ ಒಂದು ಕ್ಷಣ ನೋಡಿ "ನಾರ್ಮಲ್" ಅಂತ ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಒತ್ತುವ ಬಲ, ಹತ್ತು ಸೆಕೆಂಡ್, ಕೋಣೆಯ ಬೆಳಕು, ಕೋಣೆಯ ತಂಪು, ಎಲ್ಲವೂ ಉತ್ತರ ಬದಲಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಇನ್ನೂ ಎಚ್ಚರ ಬೇಕು. ಮೊಣಕಾಲಿನ ನೇರಳೆ ಬಲೆ ಬಿಳಿ ಚರ್ಮದಲ್ಲಿ ಎದ್ದು ಕಾಣುವ ಹಾಗೆ ಕಪ್ಪು ಚರ್ಮದಲ್ಲಿ ಕಾಣುವುದಿಲ್ಲ. ಟಾರ್ಚ್ ಬೆಳಕು ಓರೆಯಾಗಿ ಬಿಡುತ್ತೇನೆ. ಕೈಯ ಹಿಂಬದಿಯಿಂದ ಮೊಣಕಾಲು ಮುಟ್ಟಿ, ಅದೇ ಕೈಯಿಂದ ಎದೆ ಮುಟ್ಟಿ, ಬಿಸಿ ಎಷ್ಟು ವ್ಯತ್ಯಾಸ ಅಂತ ನೋಡುತ್ತೇನೆ. ಬಣ್ಣ ಕಾಣದಿದ್ದರೂ ತಂಪು ಕೈಗೆ ಸಿಗುತ್ತದೆ.

ಇಷ್ಟು ಸರಳ ಪರೀಕ್ಷೆಯನ್ನು ನಂಬಬಹುದಾ ಅಂತ ಲ್ಯಾಟಿನ್ ಅಮೆರಿಕದ ಐದು ದೇಶಗಳ 28 ಐಸಿಯುಗಳು ಸೇರಿ ನೋಡಿದವು. ಆಂಡ್ರೊಮಿಡಾ-ಶಾಕ್ ಅನ್ನುವ ಪ್ರಯೋಗ, 2019ರಲ್ಲಿ ಪ್ರಕಟವಾಯಿತು. 424 ರೋಗಿಗಳು. ಅರ್ಧ ಜನರಿಗೆ ಲ್ಯಾಕ್ಟೇಟ್ ನೋಡಿಕೊಂಡು ಚಿಕಿತ್ಸೆ, ಇನ್ನರ್ಧಕ್ಕೆ ಅರ್ಧ ಗಂಟೆಗೊಮ್ಮೆ ಗಾಜಿನ ಸ್ಲೈಡ್ ಒತ್ತಿ ನೋಡಿ ಚಿಕಿತ್ಸೆ. 28 ದಿನಕ್ಕೆ ಲ್ಯಾಕ್ಟೇಟ್ ಗುಂಪಿನಲ್ಲಿ ನೂರಕ್ಕೆ 43.4 ಸಾವು, ಬೆರಳಿನ ಗುಂಪಿನಲ್ಲಿ 34.9. ಅಂಕಿಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ಅದು ಕೂದಲೆಳೆಯಷ್ಟರಲ್ಲಿ ಮುಟ್ಟಲಿಲ್ಲ, ಹಾಗಾಗಿ ಗೆದ್ದಿತು ಅನ್ನುವಂತಿಲ್ಲ. ಆದರೆ ಸೋಲಂತೂ ಅಲ್ಲ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಕ್ಯಾಪಿಲರಿ ರೀಫಿಲ್‌ಗೆ ಜಾಗ ಸಿಕ್ಕಿತು. 2025ರಲ್ಲಿ ಇದರ ದೊಡ್ಡ ಮುಂದುವರಿಕೆ ಬಂತು. ಅದರಲ್ಲಿ ಸಾವಿನ ಪ್ರಮಾಣ ಎರಡೂ ಕಡೆ ಒಂದೇ. ಬೆರಳು ನೋಡಿ ನಡೆದ ಗುಂಪಿನವರು ಮಾತ್ರ ಯಂತ್ರ, ಔಷಧಿಗಳ ಆಸರೆಯಿಂದ ಬೇಗ ಹೊರಬಂದರು. ನನಗೆ ಅದೂ ದೊಡ್ಡದೇ. ವೆಂಟಿಲೇಟರಿನಲ್ಲಿ ಕಳೆಯುವ ಒಂದು ದಿನ ಏನು ಅಂತ ಪಕ್ಕದಲ್ಲಿ ನಿಂತವರಿಗೆ ಗೊತ್ತು.

ಲ್ಯಾಕ್ಟೇಟ್‌ನ ತೊಂದರೆ ಅದು ನಿಧಾನ. ಅಲ್ಲದೆ ಆಕ್ಸಿಜನ್ ಸಿಗದೆ ಮಾತ್ರ ಅದು ಏರುವುದಿಲ್ಲ. ಅಡ್ರಿನಲಿನ್ ಹೆಚ್ಚಾದರೂ ಏರುತ್ತದೆ, ಲಿವರ್ ಸೋತರೂ ಇಳಿಯುವುದಿಲ್ಲ. ಬೆರಳು ಮಾತ್ರ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಔಷಧಿ ಬದಲಿಸಿದೆವಾ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ ನೋಡಬಹುದು.

ಆ ರಾತ್ರಿ ನಾವು ಮಾಡಿದ್ದೂ ಅದನ್ನೇ. ಸಕ್ಕರೆಯನ್ನು ಬೆರಳ ಹನಿಯ ಬದಲು ಅಪಧಮನಿಯ ಲೈನಿನಿಂದ ತೆಗೆದು ನೋಡಿದೆ. ಹರಿವಿಲ್ಲದ ಬೆರಳಿನ ಹನಿ ತಪ್ಪು ಲೆಕ್ಕ ಕೊಡುತ್ತದೆ, ಶಾಕ್‌ನಲ್ಲಿ ಅದನ್ನು ನಂಬಿ ಇನ್ಸುಲಿನ್ ಕೊಡುವುದು ಅಪಾಯ. ಸ್ಲೈಡ್ ಒತ್ತಿ ಎಣಿಸಿದೆ. ಏಳು ಸೆಕೆಂಡ್. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆ. "ಬಿಪಿ ಎಷ್ಟು?" ಅಂದರು. "68. ಆದರೆ ರೀಫಿಲ್ ಏಳು, ಮೊಣಕಾಲು ತೊಡೆಗೆ ಏರಿದೆ" ಅಂದೆ. ಅವರು ಎದ್ದು ಬಂದರು. ಆ ಒಂದು ವಾಕ್ಯ ಕೇಳಿ ಎದ್ದು ಬರುವ ಡಾಕ್ಟರು ಇದ್ದರೆ ರಾತ್ರಿ ಪಾಳಿ ಹಗುರ.

ಎರಡೂ ಕಾಲು ಎತ್ತಿ ಹಿಡಿದು, ಕಾಲಿನ ರಕ್ತ ಎದೆಗೆ ಬಂದಾಗ ಹೃದಯದ ಹರಿವು ಏರುತ್ತದಾ ಅಂತ ನೋಡಿದೆವು. ಏರಲಿಲ್ಲ. ಇನ್ನು ಸಲೈನ್ ಬೇಡ ಅಂತ ತೀರ್ಮಾನ. ಆ ತಾಯಿಗೆ ಹಳೆಯ ಬಿಪಿ ಕಾಯಿಲೆ ಇತ್ತು. ಮೈ ಹೆಚ್ಚಿನ ಒತ್ತಡಕ್ಕೆ ಒಗ್ಗಿರಬಹುದು ಅಂತ ಒಂದು ಗಂಟೆ ಮಟ್ಟಿಗೆ 80ಕ್ಕೆ ಏರಿಸಿದೆವು. ಮತ್ತೆ ಒತ್ತಿ ಎಣಿಸಿದೆ. ಏಳೇ. ವಾಪಸ್ 65ರ ಹತ್ತಿರಕ್ಕೆ ಇಳಿಸಿದೆವು. ಡಾಕ್ಟರು ಎಕೋ ಯಂತ್ರ ತಂದು ಹೃದಯ ನೋಡಿದರು. ಹೃದಯದ ಹಿಂಡುವ ಬಲ ಕಮ್ಮಿಯಾಗಿತ್ತು. ಸೆಪ್ಸಿಸ್‌ನಲ್ಲಿ ಹೃದಯವೂ ಸುಸ್ತಾಗುತ್ತದೆ. ಹೃದಯಕ್ಕೆ ಬಲ ಕೊಡುವ ಡೊಬ್ಯುಟಮಿನ್ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಅರ್ಧ ಗಂಟೆಗೆ ಆರು. ಒಂದು ಗಂಟೆಗೆ ಐದು. ಬೆಳಕು ಹರಿಯುವಾಗ ನಾಲ್ಕು. ಡೊಬ್ಯುಟಮಿನ್ ಹೋಗುತ್ತಿದ್ದಷ್ಟು ಹೊತ್ತೂ ಮಾನಿಟರಿನ ಬಿಪಿ 66ರಿಂದ 69ರ ನಡುವೆಯೇ ಆಡುತ್ತಿತ್ತು. ಅದನ್ನಷ್ಟೇ ನೋಡಿದವರಿಗೆ ಆ ಹೊತ್ತಿನಲ್ಲಿ ಏನೂ ನಡೆಯಲೇ ಇಲ್ಲ.

ಡೊಬ್ಯುಟಮಿನ್ ಎಲ್ಲರಿಗೂ ಹೀಗೆ ಒಗ್ಗುವುದಿಲ್ಲ. ಕೆಲವರಿಗೆ ಹೃದಯ ಬಡಿತ ಹುಚ್ಚೆದ್ದು ನಿಲ್ಲಿಸಬೇಕಾಗುತ್ತದೆ. ಸಣ್ಣ ನಾಳಗಳನ್ನೇ ಗುರಿಯಿಟ್ಟು ಸರಿಮಾಡುವ ಔಷಧಿ ನಮ್ಮ ಕೈಯಲ್ಲಿ ಇನ್ನೂ ಇಲ್ಲ. ಹೆಪ್ಪುಗಟ್ಟುವುದನ್ನು ತಡೆಯುವ ಆಕ್ಟಿವೇಟೆಡ್ ಪ್ರೋಟೀನ್ ಸಿ ಅಂತ ಒಂದು ಬಂದಿತ್ತು, 2001ರಲ್ಲಿ ಒಪ್ಪಿಗೆ ಸಿಕ್ಕಿತು, ದೊಡ್ಡ ಭರವಸೆ ಹುಟ್ಟಿಸಿತು. ಮುಂದಿನ ಪ್ರಯೋಗದಲ್ಲಿ ಉಪಯೋಗ ಕಾಣದೆ 2011ರಲ್ಲಿ ವಾಪಸ್ ಪಡೆದರು. ರಕ್ತ ಏರಿಸಿದರೆ ಆಕ್ಸಿಜನ್ ಜಾಸ್ತಿ ಸಿಗುತ್ತದಲ್ವಾ ಅಂತಲೂ ಮನೆಯವರು ಕೇಳುತ್ತಾರೆ. ಹಿಮೋಗ್ಲೋಬಿನ್ 9ಕ್ಕೆ ಬಂದಾಗಲೇ ರಕ್ತ ಕೊಟ್ಟವರಿಗೂ, 7ಕ್ಕೆ ಇಳಿಯುವವರೆಗೆ ಕಾದವರಿಗೂ ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ ಅಂತ 2014ರ ಒಂದು ಪ್ರಯೋಗ ತೋರಿಸಿತು. ದಾರಿ ಮುಚ್ಚಿರುವಾಗ ಲಾರಿ ಹೆಚ್ಚಿಸಿ ಪ್ರಯೋಜನ ಕಮ್ಮಿ.

ನಾಲ್ಕನೇ ದಿನ ಮೊಣಕಾಲು ತಿಳಿಯಾಯಿತು. ಮೂತ್ರ ಮಾತ್ರ ಬರಲಿಲ್ಲ. ನಾಳ ತೆರೆದುಕೊಂಡರೂ ಕೋಶ ತಕ್ಷಣ ಕೆಲಸಕ್ಕೆ ಇಳಿಯುವುದಿಲ್ಲ. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಪೆಟ್ಟು ತಿಂದಿರುತ್ತದೆ, ಬಂದ ಆಕ್ಸಿಜನ್ನನ್ನು ಬಳಸಿಕೊಳ್ಳಲಾರದು. ಆದರೆ ಸೆಪ್ಸಿಸ್‌ನಲ್ಲಿ ಸತ್ತವರ ಅಂಗಾಂಗಗಳನ್ನು ಪರೀಕ್ಷಿಸಿದಾಗ ಸತ್ತ ಕೋಶಗಳು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಸಿಕ್ಕಿವೆ. ಕೋಶಗಳು ಜೀವ ಉಳಿಸಿಕೊಳ್ಳಲು ಕೆಲಸ ನಿಲ್ಲಿಸಿ ಮುದುಡಿ ಮಲಗುತ್ತವೆ ಅಂತ ಹಲವರ ಅಭಿಪ್ರಾಯ. ನನಗೂ ಹಾಗೇ ಅನ್ನಿಸುತ್ತದೆ. ಯಾಕೆಂದರೆ ಒಂಬತ್ತನೇ ದಿನ ಬೆಳಗ್ಗೆ ಚೀಲ ನೋಡಿದಾಗ 40 ಮಿಲಿ ಮೂತ್ರ ಇತ್ತು. ಮಧ್ಯಾಹ್ನಕ್ಕೆ ಇನ್ನೂರು. ಡಯಾಲಿಸಿಸ್ ಯಂತ್ರದ ಪಕ್ಕ ನಿಂತು ಚೀಲವನ್ನು ಎರಡು ಸಲ ಅಳೆದೆ. ಕಣ್ಣು ತುಂಬಿ ಬಂತು.

ವಾರ್ಡಿಗೆ ಕಳಿಸುವ ಹಿಂದಿನ ದಿನ ಆ ತಾಯಿಯ ಮಗ ಕಾಲಿನ ಬಳಿ ನಿಂತಿದ್ದ. ಎಡಗಾಲಿನ ಕೊನೆಯ ಎರಡು ಬೆರಳು ತುದಿಯಲ್ಲಿ ಕಪ್ಪಾಗಿ ಒಣಗಿದ್ದವು. "ಸಿಸ್ಟರ್, ಅಷ್ಟೂ ದಿನ ಬಿಪಿ ಸರಿಯಾಗೇ ಇತ್ತಲ್ಲ. ಮತ್ತೆ ಇದು ಯಾಕೆ ಹೀಗಾಯ್ತು?"

ಕುಳಿತುಕೊಂಡು ಹೇಳಿದೆ. ದೊಡ್ಡ ನಾಳ, ಸಣ್ಣ ನಾಳ, ಒಳಗಿನ ನವಿರು ಹೊದಿಕೆ, ಹೆಪ್ಪು, ಜೊತೆಗೆ ಬಿಪಿ ಹಿಡಿದು ನಿಲ್ಲಿಸಿದ ಅದೇ ಔಷಧಿ ತುದಿಯ ನಾಳಗಳನ್ನು ಬಿಗಿ ಮಾಡಿದ್ದು. ಏನನ್ನೂ ಮುಚ್ಚಿಡಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಕಾಲುವೆಯಲ್ಲಿ ನೀರು ತುಂಬಿತ್ತು. ಕೊನೇ ಗದ್ದೆಗೆ ಮುಟ್ಟಿಲ್ಲ. ಹಾಗಾ?"

ಹೌದು ಅಂದೆ. ಇಷ್ಟು ವರ್ಷ ನಾನು ಹುಡುಕುತ್ತಿದ್ದ ಮಾತು ಅದು.

"ಮಿಕ್ಕ ಬೆರಳು?" ಅಂತ ಕೇಳಿದ. ಜೇಬಿನಿಂದ ಸ್ಲೈಡ್ ತೆಗೆದು ಅವನ ಕೈಗೆ ಕೊಟ್ಟೆ. ಎಲ್ಲಿ ಒತ್ತಬೇಕು, ಎಷ್ಟು ಹೊತ್ತು ಹಿಡಿಯಬೇಕು ಅಂತ ತೋರಿಸಿದೆ. ಅವನು ತಾಯಿಯ ಹೆಬ್ಬೆರಳಿನ ಅಡಿ ಒತ್ತಿ ಹಿಡಿದು, ಹತ್ತರವರೆಗೆ ಬಾಯಲ್ಲೇ ಎಣಿಸಿ, ಬಿಟ್ಟ. ಬಿಳಿ ಕಲೆ ಒಂದು ಕ್ಷಣ ನಿಂತಿತು. ಒಂದು, ಎರಡು ಅನ್ನುವಷ್ಟರಲ್ಲಿ ಅಂಚಿನಿಂದ ಕೆಂಪು ನುಗ್ಗಿ ಬಂದು ಕಲೆಯನ್ನು ಅಳಿಸಿತು. ಅವನು ಇನ್ನೊಮ್ಮೆ ಒತ್ತಿ ನೋಡಿದ.